ಸೊಂಟದ ಸಂಚಿ

ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಸರದಿಗಾಗಿ ಕುಳಿತಿದ್ದೆ. ಪಕ್ಕದಲ್ಲಿ ಇಳಕಲ್ ಸೀರೆಯ ಹಿರಿಯಾಕೆ, ಜೊತೆಗೆ ಅವರ ಅಣ್ಣನ ಮಗ.

“ಅತ್ತಿ, ಬ್ಯಾಂಕಾಕ್‌ನಾಗ ಪಾಸ್‌ಪೋರ್ಟ್ ಕಳವಾಗಿದ್ದು ಸಾಲಲಿಲ್ಲೇನ್ರಿ? ಮತ್ತ ಹೊಸಾದು ಮಾಡಿಸಾಕ ಬಂದೀರಿ!”

“ಅಂಜಿ ಮನ್ಯಾಗ ಕೂಡಬೇಕಾದಾಂವ ಕದ್ದಾಂವ. ನಾ ಯಾಕ ಕೂಡಲಿ?”

“ಕೊರಳಾಗಿನ ಚೀಲಾನ ಕತ್ತರಿಸ್ಕೊಂಡು ಹೋದ್ನಲ್ರಿ!”

“ಅದು ಟೂರಿನವ್ರು ಕೊಟ್ಟ ಚೀಲ. ಪಾಸ್‌ಪೋರ್ಟ್ ನನ್ನ ಎಲಿ-ಅಡಕಿ ಸಂಚ್ಯಾಗ ಇಟ್ಕೋತೇನಿ ಅಂದ್ರ ಎಲ್ಲಾರೂ ನಕ್ಕರು. ಸೊಂಟದಾಗಿನ ಸಂಚಿ ಯಾರರೆ ಮುಟ್ಟಿದ್ರೇನು?”

“ಅಂದ್ರ, ಈ ಸಲ ಪಾಸ್‌ಪೋರ್ಟ್ ಸಂಚ್ಯಾಗ?”

“ಹೂಂ ಮತ್ತ. ಯಾರು ನಗ್ತಾರ ನಗಲಿ.”

“ಕೊರಳಾಗಿನ ಚೀಲದಾಗ ಏನಿಡ್ತೀರಿ?”

ಅವರ ಟೋಕನ್ ಸಂಖ್ಯೆ ಕೂಗಿದರು. ಹಿರಿಯಾಕೆ ಸೆರಗು ಸರಿಮಾಡಿಕೊಂಡು ಎದ್ದರು.

“ಸುಣ್ಣದ ಡಬ್ಬಿ. ಕದ್ದಾಂವ ಬಾಯಿ ಸುಟ್ಕೊಳ್ಳಲಿ!”