ನಿನ್ನೆಯ ಓದಿನ ಬಾಕಿ

ನಮ್ಮ ಸೀಮೆಯಲ್ಲೇ ಒಬ್ಬ ಕುಬೇರನಿದ್ದ, ತಾಯಂದಿರೇ. ದುಡ್ಡಿನ ಕುಬೇರನಲ್ಲ, ಹೊತ್ತಿನ ಬಾಕಿ ಕೂಡಿಟ್ಟ ಕುಬೇರ. ಹೆಸರು ಕೇಳಬೇಡಿ, ಇಲ್ಲೇ ಯಾವುದೋ ಕಂಬದ ಮರೆಯಲ್ಲಿ ಕೂತಿರಬಹುದು. ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಮೂರು ಲೋಕದಲ್ಲೂ ಇಲ್ಲ. ಬೃಹಸ್ಪತಿ ಒಮ್ಮೆ ಶುರುಮಾಡಿ, ನಡುವೆ ನಗು ಬಂದು ಕೈಬಿಟ್ಟನಂತೆ!

ಅವನು ಹಗಲೆಲ್ಲ ಆಡಿಟರ್ ಕಚೇರಿಯಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಸಿ.ಎ. ಕೊನೆಯ ಪರೀಕ್ಷೆಗೆ ಓದುತ್ತಿದ್ದ. ಎರಡು ಸಲ ನಪಾಸಾಗಿದ್ದ. "ಈ ಸಲ ಆಗ್ಲಿಲ್ಲಂದ್ರ ಮತ್ತ ಈ ಪುಸ್ತಕ ಮುಟ್ಟಂಗಿಲ್ಲ" ಎಂದು ಹೆಂಡತಿಯ ಎದುರು ಆಣೆ ಮಾಡಿದ.

ಅದಕ್ಕೊಂದು ವೇಳಾಪಟ್ಟಿ ಬರೆದ. ಎಂಥ ವೇಳಾಪಟ್ಟಿ! ತೆರಿಗೆಗೆ ಹಸಿರು, ಆಡಿಟ್‌ಗೆ ಕೆಂಪು, ಆಕಳಿಕೆಗೂ ಒಂದು ಬಣ್ಣ. ಬ್ರಹ್ಮನೇನಾದರೂ ಅದನ್ನು ನೋಡಿದ್ದರೆ ನಾಚಿಕೊಂಡು ಸೃಷ್ಟಿಯನ್ನು ಮೊದಲಿನಿಂದ ಶುರುಮಾಡುತ್ತಿದ್ದ.

ಮೊದಲ ದಿನವೇ ಹೆಂಡತಿಯ ಸೋದರಮಾವ ಬಂದ. ಚಹಾ, ಮಾತು, ಮತ್ತೆ ಚಹಾ. ಎರಡು ತಾಸು ಹೋಯಿತು. ಹೋದದ್ದು ಹೋಯಿತೆಂದು ಬಿಟ್ಟನೇ? ಹೇಗೆ ಬಿಟ್ಟಾನು? ಲೆಕ್ಕದವನು! ಈ ವರ್ಷ ತೀರದ್ದನ್ನು ಮುಂದಿನ ವರ್ಷದ ತಲೆಗೆ ಕಟ್ಟುವುದು ಲೆಕ್ಕದವರ ಪದ್ಧತಿ, ನೋಡಿ. ಆ ಎರಡು ತಾಸನ್ನು ಮಂಗಳವಾರದ ತಲೆಗೆ ಕಟ್ಟಿದ. ಮಂಗಳವಾರ ಕರೆಂಟು ಹೋಯಿತು, ಎಲ್ಲವೂ ಬುಧವಾರಕ್ಕೆ. ತಿಂಗಳು ತುಂಬುವುದರೊಳಗೆ ಒಂದು ಭಾನುವಾರದ ಪಾಲಿಗೆ ಮೂವತ್ತು ತಾಸಿನ ಓದು ಬಿತ್ತು! ಕಾಗದಕ್ಕೆ ಕಾಗದ ಅಂಟಿಸಿ ಅಂಟಿಸಿ, ಪಟ್ಟಿ ಗೋಡೆ ದಾಟಿತು, ಬಾಗಿಲು ದಾಟಿತು, ಪಕ್ಕದ ಮನೆಯ ಹಿತ್ತಲಿಗೆ ಹೋಯಿತು. ಅಲ್ಲಿ ಅವರ ಎಮ್ಮೆ ಅದರ ತುದಿ ತಿಂದಿತು. ನಂಬುವುದಿಲ್ಲವೇ? ಎಮ್ಮೆಯನ್ನೇ ಕೇಳಿ.

ಬೆಳಿಗ್ಗೆ ಪುಸ್ತಕ ತೆರೆದರೆ ಎದುರಿಗೆ ನಿನ್ನೆಯ ಬಾಕಿ. ಅದನ್ನು ತೀರಿಸುವಷ್ಟರಲ್ಲಿ ಇವತ್ತಿನದೂ ಬಾಕಿ. ಊಟವನ್ನೂ ಅರ್ಧಕ್ಕೇ ಬಿಟ್ಟು ಏಳತೊಡಗಿದ. ಎದ್ದು ಓದಿದನೇ? ಇಲ್ಲ, ಬಾಕಿ ಕೂಡಿಸುತ್ತ ಕೂತ. ಪರೀಕ್ಷೆ ಹತ್ತಿರವಾದಾಗ ಒಂದು ಬೆಳಿಗ್ಗೆ ಪುಸ್ತಕ ಮುಚ್ಚಿ, "ಆಗಂಗಿಲ್ಲ ಬಿಡು. ನಾ ಪರೀಕ್ಷಾಕ್ಕ ಹೋಗೂದಿಲ್ಲ" ಎಂದ.

ಹೆಂಡತಿ ಒಳಗೆ ಹೋಗಿ ತಾಟು ತಂದಿಟ್ಟಳು. ತಾಟಿನಲ್ಲಿ ಖಡಕ್ ರೊಟ್ಟಿ, ಅದರ ಮೇಲೆ ರೊಟ್ಟಿ, ಅದರ ಮೇಲೆ ರೊಟ್ಟಿ. ತುದಿ ಜಂತಿಗೆ ತಾಗುತ್ತಿತ್ತು.

"ಏನಿದು?"

"ಬಾಕಿರೀ. ಇವು ನಿನ್ನೆ ನೀವು ಬಿಟ್ಟೆದ್ದವು. ಇವು ಮೊನ್ನಿವು. ತಳದಾಗಿನವು ನಮ್ಮ ಮಾವ ಬಂದ ದಿನದವು."

"ಹುಚ್ಚಿ! ಇಷ್ಟು ಯಾರು ತಿಂತಾರ?"

"ನೀವ ತಿನ್ಬೇಕು. ಬಾಕಿ ಬಿಡಬಾರದಲ್ರೀ, ಆಡಿಟರ್ ಸಾಹೇಬ್ರ? ಇವೆಲ್ಲ ಮುಗದ ಮ್ಯಾಲ ಇವತ್ತಿಂದು ಬಿಸಿ ರೊಟ್ಟಿ ಹಾಕ್ತೀನಿ."

ಅವನು ರೊಟ್ಟಿಯ ಗೋಪುರ ನೋಡಿದ. ಗೋಡೆ ನೋಡಿದ. ಅವಳ ಮುಖ ನೋಡಿದ. ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಳು. ಅವನಿಗೂ ನಗು ಬಂತು. ಆ ತಿಂಗಳಿನ ಮೊದಲ ನಗು.

"ಮೊದಲ ಬಿಸೀದು ಹಾಕು, ಮಾರಾಯ್ತಿ."

"ಮತ್ತ ಆ ಗ್ವಾಡಿ ಮ್ಯಾಗಿಂದು?"

"ಹರದ ಒಗೀತೀನಿ" ಎಂದ. ಹರಿದೇ ಬಿಟ್ಟ.

ಹೊಟ್ಟೆ ತುಂಬ ಉಂಡ. ಒಂದೇ ಪಾಠ ಓದಿದ. ಆದರೆ ಪೂರ್ತಿ ಓದಿದ. ಹೊಸ ಪಟ್ಟಿ ಅಂಗೈಯಗಲ: ದಿನಕ್ಕೆ ಆಗುವಷ್ಟೇ ಓದು, ಭಾನುವಾರದ ಮಧ್ಯಾಹ್ನ ಖಾಲಿ. ತಪ್ಪಿದ್ದರಲ್ಲಿ ತೀರ ಬೇಕಾದದ್ದು ಆ ಮಧ್ಯಾಹ್ನಕ್ಕೆ, ಉಳಿದದ್ದಕ್ಕೆ ಕೈಮುಗಿದ.

ಪಾಸಾದನೇ? ದೇಶಕ್ಕೇ ಮೊದಲಿಗನಾದ ಎನ್ನಲು ನನ್ನ ನಾಲಿಗೆ ತುರಿಸುತ್ತಿದೆ. ಆದರೆ ಪ್ರವಚನದ ಪೀಠದ ಮೇಲೆ ಕೂತಿದ್ದೇನಲ್ಲ! ಅಂಚಿನಲ್ಲಿ ಪಾಸಾದ. ಅಂಚಾದರೇನು, ದಡ ದಡವೇ.

ಈಗ ನಿಮ್ಮ ಕಡೆ ಬರುತ್ತೇನೆ. ಯಾಕೆ ತಲೆ ತಗ್ಗಿಸುತ್ತೀರಿ? ತಪ್ಪಿದ ಪೂಜೆ, ತಪ್ಪಿದ ವಾಕಿಂಗು, ಆಡದೆ ಉಳಿದ ಒಳ್ಳೆಯ ಮಾತು, ಎಲ್ಲವನ್ನೂ ನಾಳೆಯ ತಲೆಗೆ ಕಟ್ಟಿದವರು ನೀವಲ್ಲವೇ? ನಾಳೆ ಏನು ತಪ್ಪು ಮಾಡಿದೆ, ಪಾಪ? ಎದ್ದ ಕೂಡಲೇ ಇವತ್ತಿನದೊಂದನ್ನು ಹಿಡಿಯಿರಿ, ಮುಗಿಸಿರಿ. ವಾರದಲ್ಲಿ ಒಂದಿಷ್ಟು ಹೊತ್ತು ಖಾಲಿ ಬಿಡಿ; ಜ್ವರವೂ ಬರುತ್ತದೆ, ನೆಂಟರೂ ಬರುತ್ತಾರೆ.

ಮತ್ತೆ, ಮನೆಯಲ್ಲಿ ಪರೀಕ್ಷೆಗೆ ಕೂತ ಮಗಳಿದ್ದರೆ, "ನಿನ್ನೆ ಎಷ್ಟು ಓದಿದಿ?" ಎಂದು ಇವತ್ತಿನಿಂದ ಕೇಳಬೇಡಿ. "ಇವತ್ತ ಯಾವುದು ಓದ್ತೀಯವ್ವಾ?" ಎಂದು ಕೇಳಿ. ಕೇಳಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬನ್ನಿ.