ಗ್ವಾಡಿ ಮ್ಯಾಲಿನ ಬಿಳೇ ಗೆರಿ

...ಅಲ್ಲಿ ಅಲ್ಲ ಭಾಗ್ಯಾ, ಅಲ್ಲಿ ಇಡಬ್ಯಾಡ. ಕೊಡು ಇಲ್ಲೆ. ಮೊನ್ನೆನ ಸಾಣಿ ಹಿಡದೇನಿ ಆ ಉಳಿಗೆ, ಕೈಗೆ ಹತ್ತಿದ್ದೂ ಗೊತ್ತಾಗಂಗಿಲ್ಲ, ರಕ್ತ ಕಂಡ ಮ್ಯಾಲೆ ಗೊತ್ತಾಗತೈತಿ. ಹಾಂ... ಹಿಂಗ ನೋಡು. ಎಣ್ಣಿ ಅರಬಿಲೆ ಒರಸೋದು, ಗ್ವಾಡಿ ಮ್ಯಾಲೆ ಅದರ ಗೆರಿಯೊಳಗ ಸಿಗಸೋದು. ಆತು.

ಯಾಕ ನಗತೀ? ನಕ್ಕಿದ್ದಲ್ಲಾ? ಸೆರಗ ಅಡ್ಡ ಹಿಡದೀ, ನನಗ ಹಂಗ ಕಾಣಿಸ್ತು. ಇರಲಿ. ಹನ್ನೊಂದು ವರ್ಷ ಆತು ನೀ ಈ ಮನಿಗೆ ಸೊಸಿ ಆಗಿ ಬಂದು, ಈ ಭಾವನ ಮುಂದ ನಿಂತು ಒಂದು ಮಾತು ಆಡಿದವಳಲ್ಲ. ಏನರ ಹೇಳೋದಿದ್ರ ಅವ್ವನ ಕಡಿಂದ ಹೇಳಸ್ತಿದ್ದಿ, ಇಲ್ಲಾ ಶಿವಾನಂದನ ಕಡಿಂದ. ಈಗ ಅವಾ ಇಲ್ಲ... ಹದಿನೈದು ದಿನ ಆತು ನನ್ನ ತಮ್ಮ ಹೋಗಿ. ನೀನ ಬಂದೀ, ಗಂಡನ ಸಾಮಾನು ಒಯ್ಯಾಕ. ಒಯ್ಯಿ! ನಾ ಬ್ಯಾಡ ಅಂದೆನೇನು? ಈ ಶಂಕ್ರಪ್ಪ ಬಡಿಗೇರ ತಮ್ಮನ ಸಾಮಾನು ನುಂಗಿದಾ ಅಂತ ಆಡೂರಾಗ ಯಾರೂ ಅನ್ನಬಾರದು.

ಆದ್ರ ನೋಡಿ ಒಯ್ಯಿ. ಈ ಬಡಿಗತನದ ಅಂಗಡಿ ಅಪ್ಪನ ಕಾಲಕ್ಕ ದನದ ಕೊಟ್ಟಿಗಿ. ಈಗ ನೋಡು! ಒಂದೊಂದು ಸಾಮಾನಿಗೂ ಒಂದೊಂದು ಜಾಗಾ. ಗರಗಸ ಇಟ್ಟು ಅದರ ಸುತ್ತ ಬಿಳೇ ಬಣ್ಣದ ಗೆರಿ ಹೊಡದೇನಿ, ಬಾಚಿ ಇಟ್ಟು ಗೆರಿ, ರಂದಾ ಇಟ್ಟು ಗೆರಿ. ಸಾಮಾನು ತಗದ್ರ ಗೆರಿ ಖಾಲಿ ಕಾಣತೈತಿ, ಬಾಯಿ ತಕ್ಕೊಂಡು ನಿಂತಂಗ. ಬೋರಿನ ಪೈಪ ತುಂಡು ಮಾಡಿ ಉಳಿಗೆ ಮನಿ ಮಾಡೇನಿ. ಉಪ್ಪಿನಕಾಯಿ ಬಾಟ್ಲಿ ಅದಾವಲ್ಲ, ಅವುಗಳ ಮುಚ್ಚಳ ಹಲಗಿಗೆ ಮ್ವಾಳಿ ಹೊಡದು ಕೂಡಿಸೇನಿ, ಬಾಟ್ಲಿ ತಿರುವಿದ್ರ ಸ್ಕ್ರೂ ಕೈಯಾಗ. ಕಣ್ಣು ಕಟ್ಟಿ ಬಿಡು ನನ್ನ, ಯಾವ ಸಾಮಾನು ಬೇಕಾದ್ರೂ ತಗದು ಕೊಡ್ತೇನಿ. ಸವಣೂರಿನ ನಿಯಾಜ, ಅವನೂ ಬಡಿಗ್ಯಾನ, ಫೋಟೊ ತಕ್ಕೊಂಡು ಹೋದಾ, ತಾನೂ ಹಿಂಗ ಮಾಡ್ತೇನಿ ಅಂತ.

ಆದ್ರ ನಿನ್ನ ಗಂಡ! ಅಯ್ಯ... ಹೋದಾಂವನ ಬಗ್ಗೆ ಆಡಬಾರದು. ಆದ್ರೂ ಹೇಳ್ತೇನಿ. ಇಪ್ಪತ್ತು ವರ್ಷ ನನ್ನ ಜೋಡಿ ಕೆಲಸ ಮಾಡಿದಾ, ಒಂದ ದಿನ, ಒಂದ ಸಾಮಾನು ಜಾಗಾದಾಗ ಇಟ್ಟಾಂವ ಅಲ್ಲ. ಎಲ್ಲಿ ಕೆಲಸ ಅಲ್ಲೇ ಒಗಿಯೋದು. ಉಳಿ ಹೊಟ್ಟಿನಾಗ, ಕೊಡತಿ ಹೊಸ್ತಲದಾಗ. ಅವನ ಹಿಂದ ಹಿಂದ ಎತ್ತಿಡೋದ ನನ್ನ ಬಾಳೇವು. 'ಅಣ್ಣಾ, ಊಟಾ ಬಿಟ್ರೂ ಬಿಡ್ತಿ, ಇದನ್ನ ಬಿಡಂಗಿಲ್ಲ ನೋಡು' ಅಂತಿದ್ದ. ಖರೇನ ಅಂತಿದ್ದ. ಸಾಮಾನು ಬಿದ್ದದ್ದು ಕಂಡ್ರ ನನ್ನ ಕೈ ನನ್ನ ಮಾತು ಕೇಳಂಗಿಲ್ಲ.

ಏ! ಗುನ್ಯಾ ಬಿತ್ತು ನಿನ್ನ ಕೈಯಾಗಿಂದು. ಇರಲಿ, ನಾ ಎತ್ತತೇನಿ. ಮೂಲಿ ಹಿಡಿಯೋ ಸಾಮಾನು ಅದು, ಬಿದ್ರ ಮೂಲಿ ತಪ್ಪತೈತಿ... ಹಾಂ. ಜಾಗಾಕ್ಕ ಹೋತು.

ಏನು ನೋಡ್ತೀ ಮ್ಯಾಲೆ? ತೊಲಿನಾ? ಹೂಂ, ಅದ. ಅಜ್ಜನ ಮನಿ ಕೆಡವಿದಾಗ ಉಳದ ಸಾಗವಾನಿ ತೊಲಿ. ಅದ ಅವನ ಮ್ಯಾಲೆ ಬಿತ್ತು. ಮತ್ತ ಮ್ಯಾಲೆ ಇಡಿಸೇನಿ, ನಾಕು ಮಂದಿ ಹಿಡದು. ಯಾಕಂದ್ರ... ಅದರ ಜಾಗಾ ಅದು. ಇನ್ನೆಲ್ಲಿ ಇಡ್ಲಿ? ನೀ ಸ್ವಲ್ಪ ಈ ಕಡೆ ಬಾ. ಅದರ ಕೆಳಗ ನಿಂದ್ರಬ್ಯಾಡ.

ನನ್ನ ಮಾತು ಅಂವ ಕೇಳಲಿಲ್ಲ, ಭಾಗ್ಯಾ. ಅಮಾಸಿ ದಿನ ಬಡಿಗ್ಯಾರು ಸಾಮಾನು ಮುಟ್ಟಂಗಿಲ್ಲ. ಅಪ್ಪ ಮುಟ್ಟಲಿಲ್ಲ, ಅಜ್ಜ ಮುಟ್ಟಲಿಲ್ಲ. ಹಿಂದಿನ ದಿನ ಸಂಜಿಮುಂದ ಎಲ್ಲಾ ಒರಸಿ, ಜಾಗಾದಾಗ ಇಟ್ಟು, ಇಬತ್ತಿ ಹಚ್ಚಿ ಕೈ ಮುಗದು ಬಾಗಲಾ ಹಾಕೋದು. ಮಾಡಿದ್ನೆಲ್ಲಾ ನಾ! ಮಾರನೇ ದಿನ ನಾ ಎದ್ದು ಹಾನಗಲ್ಲಿಗೆ ಹೋದೆ, ತಾರಕೇಶ್ವರ ಗುಡಿಗೆ. ಪೊಲೀಸರ ಮುಂದನೂ ಅದನ್ನ ಹೇಳೇನಿ. ಹಿಂದ ಇಂವ ಬಾಗಲಾ ತಗದಾನ. ಏನು ಅಂಥಾ ಅವಸರಾ? ಪೆಟ್ಟಿಗಿ! ಅಗೋ ಆ ಅರ್ಧಾ ಆದ ಪೆಟ್ಟಿಗಿ. ತನ್ನ ಪಾಲಿನ ಸಾಮಾನು ತುಂಬಾಕ. ಗೊಟಗೋಡ್ಯಾಗ ಮೂರ್ತಿ ಮಾಡೋ ಕೆಲಸ ಸಿಕ್ಕೈತಿ, ಸಾಮಾನಿನಾಗ ಅರ್ಧಾ ನಂದು, ಸ್ವಾಮಾರ ಹೋಗಾಂವ ನಾ ಅಂತ ಅಂದ. ಅರ್ಧಾ! ನೀನ ಹೇಳು, ಅರ್ಧಾ ಗ್ವಾಡಿ ಖಾಲಿ ಇಟಗೊಂಡು ನಾ ದಿನಾ ಹೆಂಗ ಬಾಗಲಾ ತಗೀಲಿ? ಅಷ್ಟೂ ಗೆರಿ ನನ್ನ ಮಾರಿ ನೋಡ್ತಾವಲ್ಲಾ.

ಯಾಕ ಹಂಗ ನೋಡ್ತೀ, ಜಗಳಾ ಆಗಿತ್ತು ಅಂತನಾ? ಯಾರ ಹೇಳಿದ್ರು? ಅವ್ವ ಹೇಳಿದ್ಲಾ? ಹಿಂದಿನ ದಿನ ಆಗಿದ್ದು ಅದು, ಅಮಾಸಿ ದಿನ ಅಲ್ಲ. ಅಮಾಸಿ ದಿನ ನಾ ಇಲ್ಲಿ ಇರಲೇ ಇಲ್ಲ.

ಭಾಗ್ಯಾ, ರಂದಾ ಯಾಕ ಕೆಳಗ ಇಟ್ಟಿ? ಅದರ ಬ್ಲೇಡು ನೆಲಕ್ಕ ತಾಗಬಾರದವಾ. ಕೊಡು... ಗರಗಸನೂ ತಗದೀ? ಒಂದೊಂದ ತಗಿ, ತಂಗಿ, ಅವಸರ ಮಾಡಬ್ಯಾಡ. ಹಿಂಗ ನೆಲದಾಗ ಹರವಿದ್ರ... ತಡಿ ತಡಿ. ಇದು ಇಲ್ಲಿ. ಇದು ಇಲ್ಲಿ. ಎಣ್ಣಿ ಅರಬಿ ಎಲ್ಲೈತಿ? ಹಾಂ, ಕಿಸೇದಾಗ ಐತಿ, ಯಾವಾಗಲೂ ನನ್ನ ಕಿಸೇದಾಗ ಇರತೈತಿ.

ನೋಡು, ಈಗ ಬರಾಬರಿ ಆತು. ಪೊಲೀಸ ಸಾಹೇಬ್ರು ಪಂಚನಾಮಿ ಮಾಡಾಕ ಬಂದಾಗ ಏನಂದ್ರು ಗೊತ್ತೈತಿ? ಮೊದಲ ಮಾತ ಅದು. 'ಏನ್ರಿ ಬಡಿಗೇರ, ಇಂಥಾ ಹೊತ್ತಿನಾಗೂ ನಿಮ್ಮ ಅಂಗಡಿ ಕನ್ನಡಿ ಇದ್ದಂಗ ಐತಿ, ಒಂದು ಸಾಮಾನು ಆಚೀಚೆ ಇಲ್ಲ!' ಮಣ್ಣಿನ ದುಃಖದಾಗೂ ನನಗ ಒಂಚೂರು ಹೆಮ್ಮಿ ಅನಿಸ್ತು, ಸುಳ್ಳ ಯಾಕ ಹೇಳ್ಲಿ. ನೀನೂ ನೋಡಿದೆಲ್ಲಾ? ಅವತ್ತು ಮಧ್ಯಾಹ್ನ ಊಟಕ್ಕ ಕರ್ಯಾಕ ಬಂದು ಮೊದಲು ನೋಡಿದಾಕಿ ನೀನ. ತೊಲಿ ಕೆಳಗ ಅವಾ, ಬಾಜೂಕ ಪೆಟ್ಟಿಗಿ, ಗ್ವಾಡಿ ಮ್ಯಾಲೆ ಎಲ್ಲಾ ಸಾಮಾನು ಸಾಲಕ್ಕ...

ಏನು?

ಏನೂ ಅನ್ನಲಿಲ್ಲಾ? ನೀ ಏನೋ ಅಂದಂಗ ಆತು.

ಯಾಕ ಅಲ್ಲಿ ಕುಂತಿ? ಏಳು. ಅದು... ಅಂವ ಕುಂತ ಜಾಗಾ ಅದು. ತೊಲಿ ಕೆಳಗ ಕುಂದ್ರಬ್ಯಾಡ ಅಂತ ಹೇಳಿದ್ನೆಲ್ಲಾ! ಮ್ಯಾಲಿನ ಕಬ್ಬಿಣದ ಕಟ್ಟು ಇನ್ನೂ ಸಡಲೈತಿ, ಒಂದು ಏಟು ಬಿದ್ರ ಸಾಕು... ಏಳು. ಪೆಟ್ಟಿಗಿ ಮುಂದ ಯಾಕ ಎಳಕೊಂಡಿ? ಹಲಗಿಗೆ ಹಲಗಿ ಕೂಡಸಾಕ ಕಡದ ಹಲ್ಲು ನೋಡ್ತೀ? ಮೂರು ಹಲ್ಲು ಕಡದಾನ, ನಾಕನೇದು ಅರ್ಧಾಕ್ಕ ಐತಿ. ಹೂಂ, ಉಳಿಲೇನ ಕಡಿಯೋದು. ಉಳಿ, ಕೊಡತಿ. ಮತ್ಯಾತರಲೆ ಕಡೀತಾರ?

ಉಳಿ ಮತ್ತ ತಗದೀ. ಪೆಟ್ಟಿಗಿ ಬಾಜೂಕ ಇಟ್ಟಿ. ಕೊಡತಿನೂ. ಹಿಂಗ ಇಟ್ಟೀ... ಕೆಲಸಾ ಮಾಡಾಂವ ಈಗ ಎದ್ದು ಹೋದಂಗ.

ಹಂಗ ನೋಡಬ್ಯಾಡ ನನ್ನ ಕಡೆ.

ಸಾಮಾನು ಗ್ವಾಡಿಗೆ ಅಂವನ ಇಟ್ಟಿರಬೇಕು, ಭಾಗ್ಯಾ. ಅವತ್ತೊಂದಿನ. ಅಮಾಸಿ ಅಂತ ಹೆದರಿ, ಕೆಲಸಾ ಅರ್ಧಾಕ್ಕ ಬಿಟ್ಟು, ಒರಸಿ, ಎಣ್ಣಿ ಹಚ್ಚಿ... ಇಲ್ಲ. ಇಪ್ಪತ್ತು ವರ್ಷದಾಗ ಇಲ್ಲ, ಅವತ್ತು ಇಟ್ಟಾನಾ. ನಾನ ಈಗ ಹೇಳಿದೆ, ನನ್ನ ಬಾಯಿಲೇನ. ಏನರ ಅನ್ನು ಭಾಗ್ಯಾ! ಬೈಯಿ! ಇಷ್ಟು ವರ್ಷ ಭಾವನ ಮುಂದ ಮಾತಾಡದಾಕಿ ಇವತ್ತಾದ್ರೂ ಬಾಯಿ ಬಿಡು.

...ಆ ಕೊಡತಿ ಕೊಡು ಇಲ್ಲೆ.

ನಾ ಕೊಲ್ಲಾಕ ಬಂದಿರಲಿಲ್ಲ. ಗುಡಿಗೆ ಹೊಂಟಾಂವ, ಉಳಿ ಸಪ್ಪಳಾ ಕೇಳಿ ಒಳಗ ಬಂದೆ. ಅಮಾಸಿ ದಿನಾನ ಕುಂತು ಪೆಟ್ಟಿಗಿ ಕಡ್ಯಾಕತ್ತಿದ್ದ, ನಗಕೋತ. ಸುತ್ತಲೂ ಸಾಮಾನು ಒಗದಿದ್ದ. ಕೊಡತಿ ಕಸಗೊಂಡು ಗ್ವಾಡಿಗೆ ಬೀಸಿದೆ, ಸಿಟ್ಟಿಗೆ. ಅವಗಲ್ಲ, ಗ್ವಾಡಿಗೆ! ತೊಲಿ ಹಿಡದಿದ್ದ ಕಬ್ಬಿಣದ ಕಟ್ಟಿಗೆ ಬಡೀತು. ಕಟ್ಟು ಬಿಚ್ಚಿಗೋತು, ತೊಲಿ ಅವನ ಮ್ಯಾಲೆ ಬಿತ್ತು.

ಜೀವಾ ಇತ್ತು ಅವನೊಳಗ. ಕಣ್ಣು ತಗದಿದ್ದ. ಓಣ್ಯಾಗ ಮಂದಿ ಇದ್ರು, ಒಂದು ಕೂಗು ಹಾಕಿದ್ರ ಓಡಿ ಬರತಿದ್ರು. ಕೂಗಬೇಕಂತ ಬಾಯಿ ತಗದೆ... ಸುತ್ತಲೂ ಸಾಮಾನು ಬಿದ್ದಿದ್ದುವು. ಹೊಟ್ಟಿನಾಗ, ರಕ್ತದಾಗ. ಒಂದು ಎತ್ತಿ ಒರಸಿದೆ. ಮತ್ತೊಂದು ಒರಸಿದೆ. ಇದೊಂದು ಇಟ್ಟು ಕೂಗೂಣು, ಇದೊಂದು ಇಟ್ಟು ಕೂಗೂಣು... ಅಂವ ನೋಡಾಕತ್ತಿದ್ದ. ಒಂದ ಮಾತು ಅಂದಾ. ಹದಿನೈದು ದಿನ ಆತು, ಯಾರ ಮುಂದನೂ ಹೇಳಿಲ್ಲ.

'ಉಳಿ ಇರಲಿ ಬಿಡಣ್ಣಾ. ನನ್ನ ಎತ್ತು.'

ನಾ ಉಳಿ ಎತ್ತಿದೆ.