ಸರಿಯಾಗಿ ಸೊನ್ನೆಗೇ ನಿಂತ ಬೆಲ್ಟು

ಅಕ್ಕಿಹೆಬ್ಬಾಳು ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಅಣ್ಣ ತಂಗಿ ಒಂದೇ ಮೊಬೈಲಿಗೆ ಕಣ್ಣು ನೆಟ್ಟು ಕೂತಿದ್ದರು.

"ಅಣ್ಣ, ಹಸ ಬೆದೆಗೆ ಬಂದ್ರೆ ತಿಳ್ಸೋ ನಮ್ ಬೆಲ್ಟಲ್ಲಿ ಬ್ಯಾಟ್ರಿ ಒಂದೇ ಪರ್ಸೆಂಟು!"

"ಹೋದ್ಸಲ ಅರ್ಧ ಐತೆ ಅಂತ ತೋರಿಸ್ಕಂಡೇ ನಿಂತೋಯ್ತು. ಪಕ್ಕದ್ಮನೆ ಪುಟ್ಟಗೌರಮ್ಮನ ಹಸ ಬೆದೆಗೆ ಬಂದಿದ್ದೇ ಗೊತ್ತಾಗ್ಲಿಲ್ಲ."

"ಆವಾಗ ಬ್ಯಾಟ್ರಿ ಎಷ್ಟೊತ್ತು ಬರ್ತದೆ ಅಂತ ಅಪ್ಪನ ಅಕ್ಕಸಾಲೆ ಮಣೆ ಮೇಲಿಟ್ಟು ಅಳೆದ್ವಿ. ಕೊಟ್ಟಿಗೆ ಗೋಡೆ ದಾಟಕ್ಕೆ ಸಿಗ್ನಲ್ಲಿಗೆ ಜಾಸ್ತಿ ಕರೆಂಟು ಬೇಕು ಅಂತ ಹೊಳೀಲೇ ಇಲ್ಲ."

"ಆಮೇಲೆ ಹಸೀನ ಕೊರಳಲ್ಲೇ ಕಟ್ಟಿ, ಖಾಲಿಯಾಗೋಗಂಟ ಅಳೆದ್ವಲ್ಲ. ಇವತ್ತು ಆ ಲೆಕ್ಕದ ಪರೀಕ್ಷೆ."

"ಸೊನ್ನೆ! ಸಿಗ್ನಲ್ಲೂ ನಿಂತೋಯ್ತು ಕಣಣ್ಣ!"

"ಸರಿಯಾಗಿ ಸೊನ್ನೆಗೇ?"

ಅಷ್ಟರಲ್ಲಿ ಫೋನು ಬಂತು. ಸ್ಪೀಕರಿನಲ್ಲಿ ಪುಟ್ಟಗೌರಮ್ಮನ ದನಿ.

"ಲೇ ಪ್ರಸಾದ, ನನ್ ಫೋನಲ್ಲೂ ಸೊನ್ನೆ ತೋರಿಸ್ಬುಟ್ಟೇ ನಿಂತದೆ. ನಿನ್ ಬೆಲ್ಟು ಈ ಸಲ ನಿಜ ಯೋಳ್ತು ಕಣ್ಲಾ. ಪಡ್ಡೆ ಹಸೀಗೂ ಒಂದು ತಂದ್ಬುಡು."

ಅವರು ಹತ್ತಬೇಕಿದ್ದ ಮೈಸೂರಿನ ರೈಲು ಬಂತು. ಇಬ್ಬರೂ ಅದನ್ನು ಬಿಟ್ಟು, ಇನ್ನೊಂದು ಬೆಲ್ಟು ಮಾಡಲು ಊರಿನ ಕಡೆಗೆ ಓಡಿದರು.